ಹೆಚ್ಚುಕಡಿಮೆ ಖಚಿತ

2019ರ ಡಿಸೆಂಬರ್ 26ರ ಬೆಳಿಗ್ಗೆ ಮಂಗಳೂರಿನಲ್ಲೂ ಕೊಡಗಿನ ಕುಟ್ಟದ ಬಳಿಯೂ ಕಂಕಣ ಸೂರ್ಯಗ್ರಹಣ ಸಂಭವಿಸಿತು. ಯಾವ ಊರಿನಲ್ಲಿ ಎಷ್ಟು ಹೊತ್ತಿಗೆ ಗ್ರಹಣ ಹಿಡಿಯುತ್ತದೆ, ಸೂರ್ಯ ಬಳೆಯಾಗಿ ಎಷ್ಟು ನಿಮಿಷ, ಎಷ್ಟು ಸೆಕೆಂಡು ನಿಲ್ಲುತ್ತಾನೆ ಎಂಬುದೆಲ್ಲ ಹಲವು ವರ್ಷ ಮೊದಲೇ ಲೆಕ್ಕವಾಗಿ ಅಚ್ಚಾಗಿತ್ತು. ಲೆಕ್ಕ ಹೇಳಿದ ಹೊತ್ತಿಗೇ ಚಂದ್ರ ಅಡ್ಡ ಬಂದ. ಆದರೆ ಆ ಬೆಳಿಗ್ಗೆ ಕುಟ್ಟದ ಮೇಲೆ ಮೋಡ ಇರುತ್ತದೆಯೇ, ಗ್ರಹಣ ಕಣ್ಣಿಗೆ ಬೀಳುತ್ತದೆಯೇ ಎಂಬ ಪ್ರಶ್ನೆಗೆ ಹಿಂದಿನ ಸಂಜೆಯ ತನಕ ಯಾರ ಬಳಿಯೂ ಅಂಥ ಉತ್ತರ ಇರಲಿಲ್ಲ.

ಒಂದೇ ಆಕಾಶ, ಒಂದೇ ಬೆಳಗು, ಎರಡು ಪ್ರಶ್ನೆ. ಎರಡಕ್ಕೂ ಉತ್ತರ ಹುಡುಕುವುದು ಭೌತವಿಜ್ಞಾನವೇ. ಆದರೂ ಉತ್ತರಗಳ ಖಚಿತತೆಯಲ್ಲಿ ಅಜಗಜಾಂತರ. ‘ಗ್ರಹಣವನ್ನ ಸೆಕೆಂಡ್ ಲೆಕ್ಕದಲ್ಲಿ ಹೇಳ್ತಾರೆ, ನಾಳೆ ಮಳೆ ಬರುತ್ತಾ ಅಂದ್ರೆ ಸಾಧ್ಯತೆ ಇದೆ ಅಂತಾರೆ’ ಎಂಬ ಗೊಣಗಾಟ ಹುಟ್ಟುವುದು ಇಲ್ಲಿಂದಲೇ. ವಿಜ್ಞಾನವೆಂದರೆ ಒಂದೇ ತೊಟ್ಟಿಯ ನೀರು, ಅದರ ರುಚಿ ಎಲ್ಲ ನಲ್ಲಿಯಲ್ಲೂ ಒಂದೇ ಇರಬೇಕು ಎಂಬ ನಂಬಿಕೆ ಆ ಮಾತಿನ ಅಡಿಯಲ್ಲಿದೆ. ಹೀಗೆ ನಂಬಿದವರಿಗೆ ಕೊನೆಗೆ ಉಳಿಯುವುದು ಎರಡೇ ದಾರಿ: ವಿಜ್ಞಾನಿ ಹೇಳಿದ್ದನ್ನೆಲ್ಲ ವೇದವಾಕ್ಯವೆಂದು ಒಪ್ಪುವುದು, ಇಲ್ಲವೇ ‘ಅವರಿಗೂ ಏನೂ ಗೊತ್ತಿಲ್ಲ’ ಎಂದು ಕೈಬಿಡುವುದು.

ಗ್ರಹಣದ ಲೆಕ್ಕದಲ್ಲಿ ಮುಖ್ಯವಾಗಿ ಬರುವುದು ಸೂರ್ಯ, ಭೂಮಿ, ಚಂದ್ರ ಎಂಬ ಮೂರು ಕಾಯಗಳು ಮತ್ತು ನಡುವಿನ ಬಹುತೇಕ ಖಾಲಿ ಜಾಗ. ಇವತ್ತಿನ ಸ್ಥಾನ ಅಳೆಯುವಾಗ ಕೂದಲೆಳೆಯಷ್ಟು ತಪ್ಪಾದರೂ ನೂರು ವರ್ಷದಾಚೆಗೆ ಆ ತಪ್ಪು ಹೆಚ್ಚೇನೂ ಬೆಳೆದಿರುವುದಿಲ್ಲ. ಗಾಳಿಯ ಜಾಯಮಾನ ಬೇರೆ. 1961ರಲ್ಲಿ ಅಮೆರಿಕದ ಎಡ್ವರ್ಡ್ ಲೊರೆನ್ಜ್ ಕಂಪ್ಯೂಟರಿನಲ್ಲಿ ಒಂದು ಪುಟ್ಟ ಹವಾಮಾನ ಮಾದರಿಯನ್ನು ಓಡಿಸುತ್ತಿದ್ದರು. ಮೊದಲೊಮ್ಮೆ ಮಾಡಿದ ಲೆಕ್ಕವನ್ನು ನಡುವಿನಿಂದ ಮತ್ತೆ ಶುರುಮಾಡಲು, ಯಂತ್ರದೊಳಗೆ 0.506127 ಎಂದಿದ್ದ ಅಂಕಿಯನ್ನು ಮುದ್ರಿತ ಹಾಳೆಯಲ್ಲಿದ್ದಂತೆ 0.506 ಎಂದು ಟೈಪ್ ಮಾಡಿದರು. ಮೊದಮೊದಲು ಎರಡೂ ಲೆಕ್ಕಗಳು ಜೊತೆಜೊತೆಗೇ ಸಾಗಿದವು. ಮಾದರಿಯೊಳಗಿನ ಕಾಲ ಕೆಲವು ವಾರ ಸರಿಯುವಷ್ಟರಲ್ಲಿ ಒಂದರ ಹವೆಗೂ ಇನ್ನೊಂದರ ಹವೆಗೂ ಸಂಬಂಧವೇ ಉಳಿಯಲಿಲ್ಲ. ಯಂತ್ರ ಕೆಟ್ಟಿದೆ ಎಂದೇ ಲೊರೆನ್ಜ್ ಮೊದಲು ಅಂದುಕೊಂಡರು. ಕೆಟ್ಟಿರಲಿಲ್ಲ. ದಶಮಾಂಶದ ನಾಲ್ಕನೇ ಸ್ಥಾನದಲ್ಲಿ ಬಿಟ್ಟುಹೋದ ಚೂರು ಬೆಳೆದು ಇಡೀ ಹವಾಮಾನವನ್ನೇ ಬದಲಿಸಿತ್ತು. 1963ರಲ್ಲಿ ಪ್ರಕಟವಾದ ಅವರ ಪ್ರಬಂಧದಿಂದ ಮುಂದೆ ‘ಕೇಯಾಸ್’ ಎಂಬ ಅಧ್ಯಯನ ಕ್ಷೇತ್ರವೇ ಬೆಳೆಯಿತು. ಇಂಥ ದಿನ ಇಂಥಲ್ಲಿ ಮಳೆ ಎಂದು ಸುಮಾರು ಎರಡು ವಾರಕ್ಕಿಂತ ಮುಂಚೆ ಹೇಳಲು ಆಗದು ಎಂಬ ಮಿತಿಯ ಅರಿವು ಬಂದದ್ದೂ ಆ ಕೆಲಸದಿಂದಲೇ. ಕಂಪ್ಯೂಟರ್ ಎಷ್ಟೇ ದೊಡ್ಡದಾದರೂ ಈ ಬೇಲಿಯನ್ನು ಕೊಂಚ ಆಚೆ ಸರಿಸಬಹುದೇ ಹೊರತು ಕಿತ್ತೊಗೆಯಲಾಗದು.

ಹಾಗಾಗಿ ಇಂದಿನ ಹವಾಮಾನ ಕೇಂದ್ರಗಳು ಮಾದರಿಯನ್ನು ಒಂದೇ ಸಲ ಓಡಿಸಿ ಸುಮ್ಮನಾಗುವುದಿಲ್ಲ. ಆರಂಭದ ಅಂಕಿಗಳನ್ನು ಚೂರುಚೂರು ಬದಲಿಸಿ ಹತ್ತಾರು ಸಲ ಓಡಿಸುತ್ತವೆ. 50 ಓಟಗಳಲ್ಲಿ 35 ಮಳೆ ತೋರಿಸಿದವು ಎನ್ನಿ, ಶೇ 70ರಷ್ಟು ಸಾಧ್ಯತೆ ಎಂಬ ಅಂಕಿ ಸ್ಥೂಲವಾಗಿ ಹಾಗೆ ಹುಟ್ಟುತ್ತದೆ. ಜಾರಿಕೊಳ್ಳಲು ಇಟ್ಟ ಕಿಂಡಿ ಇದಲ್ಲ. ತಾಪಮಾನ ಅಳೆದಂತೆ ಇಲ್ಲಿ ಅಳೆದಿರುವುದು ಅನಿಶ್ಚಯವನ್ನು.

ಅಳೆದ ಅಂಕಿ ಓದುಗನ ತಲೆಯಲ್ಲಿ ಏನಾಗುತ್ತದೆ ಎಂಬುದು ಬೇರೆಯೇ ಕಥೆ. ಜರ್ಮನಿಯ ಮನೋವಿಜ್ಞಾನಿ ಗೆರ್ಡ್ ಗಿಗೆರೆನ್ಜರ್ ಮತ್ತು ಸಂಗಡಿಗರು ‘ನಾಳೆ ಮಳೆಯ ಸಾಧ್ಯತೆ ಶೇ 30’ ಎಂದರೆ ಏನರ್ಥ ಎಂದು ನ್ಯೂಯಾರ್ಕ್, ಆಮ್‌ಸ್ಟರ್‌ಡ್ಯಾಮ್, ಬರ್ಲಿನ್, ಮಿಲಾನ್, ಅಥೆನ್ಸ್ ನಗರಗಳ ಜನರನ್ನು ಕೇಳಿ 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ನಾಳೆಯಂಥ ದಿನಗಳು ನೂರು ಬಂದರೆ ಸುಮಾರು 30 ದಿನ ಮಳೆಯಾಗುತ್ತದೆ ಎಂಬ ಸರಿಯಾದ ಅರ್ಥವನ್ನು ಹೆಚ್ಚಿನವರು ಆರಿಸಿದ್ದು ನ್ಯೂಯಾರ್ಕಿನಲ್ಲಿ ಮಾತ್ರ. ಉಳಿದೆಡೆ ದಿನದ ಶೇ 30ರಷ್ಟು ಹೊತ್ತು ಮಳೆ ಎಂದೋ ಊರಿನ ಶೇ 30ರಷ್ಟು ಭಾಗದಲ್ಲಿ ಮಳೆ ಎಂದೋ ತಿಳಿದವರು ಬಹಳ. ತಪ್ಪು ಓದುಗರದೆಂದು ಹೇಳುವಂತಿಲ್ಲ. ಯಾವುದರಲ್ಲಿ ಶೇ 30 ಎಂಬುದನ್ನು ಹೇಳದೆ ಬಿಟ್ಟವರು ಮುನ್ಸೂಚನೆ ಬರೆದವರು.

ಭಾರತೀಯ ಹವಾಮಾನ ಇಲಾಖೆ ತನ್ನ ಪದಗಳಿಗೆ ಅಳತೆ ಕಟ್ಟಿದೆ. ಒಂದು ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಕಾಲು ಭಾಗದವರೆಗೆ ಮಳೆಯಾದರೆ ಒಂದು ಪದ, ಅರ್ಧದವರೆಗೆ ಇನ್ನೊಂದು, ಮುಕ್ಕಾಲಿನವರೆಗೆ ಮತ್ತೊಂದು, ಅದನ್ನು ಮೀರಿದರೆ ಬೇರೆ. ‘ಭಾರಿ ಮಳೆ’ ಎಂದರೆ 24 ಗಂಟೆಯಲ್ಲಿ 64.5 ಮಿ.ಮೀ.ನಿಂದ 115.5 ಮಿ.ಮೀ. ಕನ್ನಡಕ್ಕೆ ಬರುವಾಗ ಮಳೆಯ ಹರವಿನ ಪದಗಳು ‘ಅಲ್ಲಲ್ಲಿ’, ‘ಕೆಲವೆಡೆ’, ‘ಹಲವೆಡೆ’ ಎಂದಾಗುತ್ತವೆ. ಓದುವವರಿಗೆ ಕೆಲವೆಡೆಗೂ ಹಲವೆಡೆಗೂ ನಡುವೆ ಒಂದು ಗೆರೆ ಎಳೆದಿದೆ ಎಂಬ ಸುಳಿವೂ ಸಿಗುವುದಿಲ್ಲ. ಮೇ ತಿಂಗಳ ಮಧ್ಯಾಹ್ನ ಬೆಂಗಳೂರಿನ ಮೇಲೆ ಕಟ್ಟುವ ಗುಡುಗು ಮೋಡದ ಅಗಲ ಕೆಲವೇ ಕಿಲೋಮೀಟರ್. ಜಯನಗರದ ರಸ್ತೆ ಹೊಳೆಯಾಗಿರುವಾಗ ಯಲಹಂಕದಲ್ಲಿ ಒಣಗಿಸಿದ ಬಟ್ಟೆ ಗರಿಗರಿಯಾಗಿರುತ್ತದೆ. ‘ಕೆಲವೆಡೆ’ ಎಂಬ ಮುನ್ಸೂಚನೆ ಆ ದಿನ ಪೂರ್ತಿ ನಿಜ. ಯಲಹಂಕದವರ ಪಾಲಿಗೆ ಪೂರ್ತಿ ಸುಳ್ಳು.

ಭಾಷೆಯ ಪೇಚು ಅಷ್ಟಕ್ಕೇ ನಿಲ್ಲುವುದಿಲ್ಲ. ನೂರಕ್ಕೆ ಐದರಷ್ಟು ಸಂಭವವಿರುವುದನ್ನೂ ತೊಂಬತ್ತರಷ್ಟಿರುವುದನ್ನೂ ಕನ್ನಡ ಪತ್ರಿಕೆಗಳು ಒಂದೇ ‘ಸಾಧ್ಯತೆ’ಯಲ್ಲಿ ಅದ್ದಿ ತೆಗೆಯುತ್ತವೆ. ಅಳತೆಯ ಹೆಚ್ಚುಕಡಿಮೆಯನ್ನು ಪಠ್ಯಪುಸ್ತಕಗಳು ‘ದೋಷ’ ಎನ್ನುತ್ತವೆ. ಆ ಪದ ಕೇಳಿದರೆ ಜಾತಕದ ದೋಷ, ನಾಗದೋಷ ನೆನಪಾಗುತ್ತವೆಯೇ ಹೊರತು, ಅಳೆದವನು ಎಚ್ಚರದಿಂದ ಬರೆದಿಟ್ಟ ಅಂಚು ನೆನಪಾಗುವುದಿಲ್ಲ. ಇನ್ನೂ ಸೋಜಿಗದ್ದು ಸಿದ್ಧಾಂತ ಮತ್ತು ವಾದದ ಜೋಡಿ. ಐನ್‌ಸ್ಟೈನ್ ಕಂಡದ್ದು ಸಾಪೇಕ್ಷತಾ ಸಿದ್ಧಾಂತ, ಡಾರ್ವಿನ್ ಕಂಡದ್ದು ವಿಕಾಸವಾದ. ವಿಜ್ಞಾನದ ದೃಷ್ಟಿಯಲ್ಲಿ ಎರಡರ ಅಂತಸ್ತೂ ಒಂದೇ: ಎರಡೂ ಸಾವಿರಾರು ಪರೀಕ್ಷೆಗಳನ್ನು ದಾಟಿ ನಿಂತ ವಿವರಣೆಗಳು. ಆದರೆ ದ್ವೈತ, ಅದ್ವೈತಗಳ ನಾಡಿನಲ್ಲಿ ‘ಸಿದ್ಧಾಂತ’ ಎಂದರೆ ಪೂರ್ವಪಕ್ಷವನ್ನೆಲ್ಲ ಖಂಡಿಸಿ ಮುಟ್ಟಿದ ಕೊನೆಯ ತೀರ್ಮಾನ, ಮುಂದೆ ಮಾತಿಲ್ಲ. ‘ವಾದ’ ಎಂದರೆ ಒಂದು ಪಕ್ಷ; ಎದುರಿಗೆ ಪ್ರತಿವಾದಿ ಇರಲೇಬೇಕು. ಹೀಗಾಗಿ ಐನ್‌ಸ್ಟೈನರ ಮಾತು ತಿದ್ದಬಾರದ್ದಾಗಿಯೂ ಡಾರ್ವಿನ್ನರ ಮಾತು ಒಪ್ಪಿದರೆ ಒಪ್ಪಬಹುದಾದ ಅಭಿಪ್ರಾಯವಾಗಿಯೂ ಕೇಳಿಸುತ್ತದೆ. ಇಂಗ್ಲಿಷಿನವರಿಗಿರುವ ತೊಡಕು ಥಿಯರಿ ಎಂಬ ಪದ ಬರಿಯ ಊಹೆಯಂತೆ ಹಗುರಾಗಿ ಕೇಳುತ್ತದೆ ಎಂಬುದು. ಕನ್ನಡದ ತೊಡಕು ಅದರ ತದ್ವಿರುದ್ಧದ್ದೂ ಹೌದು.

ನಮ್ಮಲ್ಲಿ ವಿಜ್ಞಾನದ ಖಚಿತತೆಗೆ ಪ್ರತಿವರ್ಷ ಬಹಿರಂಗ ಪರೀಕ್ಷೆ ನಡೆಯುವುದು ಮುಂಗಾರಿನಲ್ಲಿ. ಅದರ ಹಿಂದೆ ದೊಡ್ಡ ಸಾವಿನ ಇತಿಹಾಸವಿದೆ. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ನಡುವೆ ಬಂದುಹೋದದ್ದು 1876–78ರ ಕ್ಷಾಮ. ಮಳೆ ಕೈಕೊಡುವುದನ್ನು ಮೊದಲೇ ತಿಳಿಯಲು ದಾರಿಯಿದೆಯೇ ಎಂದು ಬ್ರಿಟಿಷ್ ಸರ್ಕಾರ ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫೋರ್ಡರನ್ನು ಕೇಳಿತು. ಹಿಮಾಲಯದಲ್ಲಿ ಹಿಮ ಹೆಚ್ಚಿದ್ದರೆ ಮುಂಗಾರು ಕಡಿಮೆ ಎಂಬ ನಂಟನ್ನು ಆಧರಿಸಿ ಅವರು 1886ರಲ್ಲಿ ಮೊದಲ ಋತುಮಾನದ ಮುನ್ಸೂಚನೆ ಹೊರಡಿಸಿದರು. ಅವರ ನಂತರ ಬಂದ ಜಾನ್ ಎಲಿಯಟ್ 1899ರಲ್ಲಿ ಒಳ್ಳೆಯ ಮಳೆ ಎಂದರು. ಬಂದದ್ದು ಭೀಕರ ಬರ. ಪತ್ರಿಕೆಗಳ ಟೀಕೆಯ ಬಿಸಿಗೆ ಮುಂದಿನ ಕೆಲವು ವರ್ಷ ಮುನ್ಸೂಚನೆ ಸರ್ಕಾರದೊಳಗಿನ ಗೋಪ್ಯ ಕಾಗದವಾಗಿ ಉಳಿಯಿತು. 1904ರಲ್ಲಿ ಆ ಹುದ್ದೆಗೆ ಬಂದ ಗಿಲ್ಬರ್ಟ್ ವಾಕರ್ ಗಣಿತಜ್ಞ. ಪೆಸಿಫಿಕ್ ಮತ್ತು ಹಿಂದೂ ಮಹಾಸಾಗರಗಳ ಮೇಲಿನ ಗಾಳಿಯೊತ್ತಡ ತಕ್ಕಡಿಯಂತೆ ಏರಿಳಿಯುವುದನ್ನು ಗುರುತಿಸಿದವರು ಅವರೇ; ಎಲ್ ನಿನೊ ಅಧ್ಯಯನಕ್ಕೆ ಇಂದಿಗೂ ಅದೇ ಬುನಾದಿ. ಋತುಮಾನದ ಮುನ್ಸೂಚನೆಗೆ ಅಷ್ಟು ಗಟ್ಟಿಯಾದ ಹೆಸರು ಸಲ್ಲದು, ಅದನ್ನು ಮುಂದೆ ಬರಲಿರುವುದರ ನೆರಳು ಎನ್ನಬೇಕು ಎಂಬುದು ಅವರ ನಿಲುವಾಗಿತ್ತು. ಆ ಮಾತು ಬಳಕೆಗೆ ಬರಲಿಲ್ಲ.

1988ರಲ್ಲಿ ವಸಂತ ಗೋವಾರಿಕರ್ ಅವರ ನೇತೃತ್ವದಲ್ಲಿ 16 ಅಂಶಗಳ ಮಾದರಿ ಬಂತು. 1989ರಿಂದ 2001ರವರೆಗೆ ವರ್ಷವರ್ಷವೂ ‘ಸಾಮಾನ್ಯ ಮಳೆ’ ಎಂದಿತು, ವರ್ಷವರ್ಷವೂ ದೇಶದಲ್ಲಿ ಸಾಮಾನ್ಯ ಮಳೆಯೇ ಆಯಿತು. ಮಾದರಿಗೆ ಒಳ್ಳೆಯ ಹೆಸರು ಬಂತು. ಆದರೆ ಈ 13 ವರ್ಷ ಕಣ್ಣುಮುಚ್ಚಿ ‘ಸಾಮಾನ್ಯ’ ಎಂದವನೂ ಅಷ್ಟೇ ಅಂಕ ಗಳಿಸುತ್ತಿದ್ದ ಎಂಬುದನ್ನು ಹೆಚ್ಚು ಜನ ಗಮನಿಸಲಿಲ್ಲ. 2002ರಲ್ಲಿ ದೀರ್ಘಾವಧಿ ಸರಾಸರಿಯ ಶೇ 101 ಎಂಬ ಮುನ್ಸೂಚನೆ ಬಂತು. ಜುಲೈ ತಿಂಗಳ ಮಳೆ ಅರ್ಧಕ್ಕರ್ಧ ಕುಸಿದು ಋತು ಶೇ 81ಕ್ಕೆ ಮುಗಿಯಿತು. ಮಾದರಿ ಮೂಲೆ ಸೇರಿತು. ಯಾವ ಸತ್ವಪರೀಕ್ಷೆಯೂ ಇಲ್ಲದ ವರ್ಷಗಳಲ್ಲಿ ಗಳಿಸಿದ ನಂಬಿಕೆ ಒಂದೇ ಬರದಲ್ಲಿ ಕರಗಿತು. ಮೊದಲಿನ ನಂಬಿಕೆಗೂ ಆಮೇಲಿನ ಅಪನಂಬಿಕೆಗೂ ಸಾಕ್ಷ್ಯ ತೆಳುವೇ.

ಈಗ ಏಪ್ರಿಲ್‌ನಲ್ಲಿ ಹೊರಬೀಳುವ ಅಂಕಿಗೆ ಶೇ 5ರಷ್ಟು ಆಚೀಚೆ, ಮೇ ಕೊನೆಯ ಪರಿಷ್ಕೃತ ಅಂಕಿಗೆ ಶೇ 4ರಷ್ಟು ಆಚೀಚೆ ಎಂಬ ಅಂಚನ್ನು ಇಲಾಖೆ ಜೊತೆಯಲ್ಲೇ ಕೊಡುತ್ತದೆ. ಶೀರ್ಷಿಕೆಯಲ್ಲಿ ಅಂಕಿ ಉಳಿಯುತ್ತದೆ, ಅಂಚು ಉದುರುತ್ತದೆ. 2023ರಲ್ಲಿ ಇಲಾಖೆ ಶೇ 96 ಎಂದಿತು, ದೇಶಕ್ಕೆ ಶೇ 94 ಮಳೆಯಾಯಿತು. ಲೆಕ್ಕದ ಪ್ರಕಾರ ಉತ್ತೀರ್ಣ. ಅದೇ ವರ್ಷ ಕರ್ನಾಟಕ ಸರ್ಕಾರ 200ಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತು. ಎರಡೂ ನಿಜವಾಗಿರಲು ಕಾರಣ ಸರಾಸರಿ ಎಂಬ ಲೆಕ್ಕದಲ್ಲೇ ಇದೆ. ಜುಲೈನಲ್ಲಿ ದೇಶದಲ್ಲಿ ವಾಡಿಕೆಗಿಂತ ಹೆಚ್ಚು ಮಳೆ ಸುರಿದು, ಆಗಸ್ಟ್ 1901ರ ನಂತರದ ಅತ್ಯಂತ ಒಣ ಆಗಸ್ಟ್ ಆಗಿ, ಸೆಪ್ಟೆಂಬರ್ ಮತ್ತೆ ತುಂಬಿಕೊಟ್ಟಿತು. ವಾಯವ್ಯ ಭಾರತದ ವಾಡಿಕೆಯ ಮಳೆ ದಕ್ಷಿಣದ ಕೊರತೆಯನ್ನು ಕಾಗದದ ಮೇಲೆ ಮರೆಮಾಡಿತು. ಆಗಸ್ಟ್‌ನಲ್ಲಿ ಮಳೆ ಕಡಿಮೆ ಎಂದು ಇಲಾಖೆ ಜುಲೈ ಕೊನೆಗೇ ಹೇಳಿತ್ತು. ಕಡಿಮೆ ಎಂದದ್ದು ಸರಿಯಾಯಿತು; ಎಷ್ಟು ಕಡಿಮೆ ಎಂಬ ಅಂದಾಜು ಮಾತ್ರ ಬಹಳ ದೂರ ಉಳಿಯಿತು. ಚಿತ್ರದುರ್ಗದ ರೈತನಿಗೆ ಬೇಕಾದದ್ದು ತನ್ನ ಹೊಲಕ್ಕೆ, ತನ್ನ ಶೇಂಗಾ ಹೂಬಿಡುವ ವಾರಕ್ಕೆ ಸಂಬಂಧಿಸಿದ ಉತ್ತರ. ಅವನಿಗೆ ಸಿಕ್ಕದ್ದು ಇಡೀ ದೇಶದ ನಾಲ್ಕು ತಿಂಗಳ ಸರಾಸರಿ. ಅಂಕಿ ಸುಳ್ಳಾಗಿರಲಿಲ್ಲ, ಅವನು ಕೇಳಿದ ಪ್ರಶ್ನೆಗೆ ಅದು ಉತ್ತರವೇ ಆಗಿರಲಿಲ್ಲ.

ಸಂಭಾವ್ಯತೆಯ ಹೇಳಿಕೆಯನ್ನು ಒಂದು ದಿನದ ಮೇಲೆ ತೂಗುವುದೂ ಕಷ್ಟ. ಶೇ 70 ಎಂದ ದಿನ ಮಳೆ ಬಾರದಿದ್ದರೆ ಮುನ್ಸೂಚನೆ ತಪ್ಪಿತೆಂದಲ್ಲ. ಶೇ 70 ಎಂದ ಎಲ್ಲ ದಿನಗಳನ್ನು ಕೂಡಿಹಾಕಿ ಅವುಗಳಲ್ಲಿ ಸುಮಾರು ಶೇ 70 ದಿನ ಮಳೆಯಾಗಿದೆಯೇ ಎಂದು ನೋಡಬೇಕು. ಇಂಥ ಲೆಕ್ಕಪುಸ್ತಕ ಇಡುವವರು ಹವಾಮಾನದವರೇ. ಪಂಚಾಂಗದ ಮಳೆಫಲವನ್ನು ವರ್ಷದ ಕೊನೆಗೆ ಯಾರೂ ತಾಳೆ ನೋಡುವುದಿಲ್ಲ. ತನ್ನ ತಪ್ಪನ್ನು ತಾನೇ ಎಣಿಸಿ ಪ್ರಕಟಿಸುವವನು ದುರ್ಬಲನಂತೆ ಕಾಣುತ್ತಾನೆ, ಎಣಿಸದವನು ಗಟ್ಟಿಗನಂತೆ. ಮಳೆ ನಕ್ಷತ್ರಗಳ ಗಾದೆಗಳ ವಿಷಯ ಮಾತ್ರ ಪಂಚಾಂಗಕ್ಕಿಂತ ಬೇರೆ. ‘ಬಂದರೆ ಮಘೆ, ಹೋದರೆ ಹೊಗೆ’ ಎಂಬಲ್ಲಿ ಮಳೆ ಬರುತ್ತದೆ ಎಂಬ ಭರವಸೆ ಇಲ್ಲ. ಬಂದರೇನು, ಬಾರದಿದ್ದರೇನು ಎಂಬ ಎರಡೂ ಬದಿ ಇದೆ. ಅನಿಶ್ಚಯವನ್ನು ಒಪ್ಪಿಕೊಂಡು ಬೇಸಾಯ ಮಾಡಿದವರ ಮಾತು ಅದು. ಜನರಿಗೆ ಅನಿಶ್ಚಯ ಅರ್ಥವಾಗುವುದಿಲ್ಲ ಎಂದು ದೂರುವ ತಜ್ಞರು ಇದನ್ನು ಗಮನಿಸಿದಂತಿಲ್ಲ.

ಖಚಿತತೆಯನ್ನು ತೀವ್ರತೆಯೊಂದಿಗೆ ಬೆರೆಸುವುದು ಇನ್ನೊಂದು ಬಗೆಯ ಗೊಂದಲ. ಮಲೆನಾಡು, ಕರಾವಳಿಗಳಿಗೆ ಅದು ಅಡಿಕೆಯ ರೂಪದಲ್ಲಿ ಪರಿಚಿತ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1985ರಲ್ಲಿ ತಂಬಾಕು ಸೇರಿದ ಎಲೆಅಡಿಕೆಯನ್ನು ಕ್ಯಾನ್ಸರ್‌ಕಾರಕ ಎಂದಿತ್ತು. ತಂಬಾಕಿಲ್ಲದ ಎಲೆಅಡಿಕೆಯ ವಿಷಯದಲ್ಲಿ ಪುರಾವೆ ಸಾಲದು ಎಂದಿತ್ತು. ‘ಪುರಾವೆ ಸಾಲದು’ ಎಂಬುದು ಕೇಳುವವರ ಕಿವಿಯಲ್ಲಿ ‘ಅಪಾಯವಿಲ್ಲ’ ಎಂದಾಯಿತು. ಭಾರತದಲ್ಲಿ ಅಡಿಕೆ ಮೆಲ್ಲುವವರಲ್ಲಿ ಬಹಳ ಜನ ತಂಬಾಕನ್ನೂ ಹಾಕುವುದರಿಂದ ಒಂದರ ಪರಿಣಾಮವನ್ನು ಇನ್ನೊಂದರಿಂದ ಬೇರ್ಪಡಿಸುವುದು ಕಷ್ಟವಿತ್ತು. ತೈವಾನಿನಲ್ಲಿ ಅಡಿಕೆಯ ಜೊತೆ ತಂಬಾಕು ಹಾಕುವ ರೂಢಿಯಿಲ್ಲ. ಅಲ್ಲಿಯಂಥ ಕಡೆಗಳಿಂದ ಅಧ್ಯಯನಗಳು ಬಂದ ಮೇಲೆ ಸಂಸ್ಥೆ ವಿಷಯವನ್ನು ಮತ್ತೆ ಪರಿಶೀಲಿಸಿ, 2004ರಲ್ಲಿ ಪ್ರಕಟವಾದ ವರದಿಯಲ್ಲಿ ತಂಬಾಕಿಲ್ಲದ ಎಲೆಅಡಿಕೆಯನ್ನೂ ಅಡಿಕೆಯನ್ನೂ ಕ್ಯಾನ್ಸರ್‌ಕಾರಕವೆಂದು ಖಚಿತವಾದವುಗಳ ಮೊದಲನೇ ಗುಂಪಿಗೆ ಸೇರಿಸಿತು.

ಈ ಗುಂಪಿನಲ್ಲಿ ತಂಬಾಕಿನ ಹೊಗೆ ಇದೆ, ಮದ್ಯ ಇದೆ, ಸಂಸ್ಕರಿತ ಮಾಂಸ ಇದೆ, ಬಿಸಿಲೂ ಇದೆ. ‘ಬಿಸಿಲೂ ಸಿಗರೇಟೂ ಒಂದೇನಾ’ ಎಂದು ಬೆಳೆಗಾರರು ಕೇಳಿದ್ದು ಸಹಜವೇ. ಒಂದಲ್ಲ. ಗುಂಪು ಸೂಚಿಸುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನು. ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ಎಷ್ಟು ಮೆದ್ದರೆ, ಎಷ್ಟು ವರ್ಷ ಮೆದ್ದರೆ, ಯಾವ ರೂಪದಲ್ಲಿ ಮೆದ್ದರೆ ಎಷ್ಟು ಅಪಾಯ ಎಂಬುದು ಬೇರೆ ಪ್ರಶ್ನೆ, ಅದಕ್ಕೆ ಬೇರೆ ಅಧ್ಯಯನಗಳೇ ಬೇಕು. ‘ಅಡಿಕೆ ಸಿಗರೇಟಿನಷ್ಟೇ ಮಾರಕ’ ಎಂಬ ಶೀರ್ಷಿಕೆ ವರದಿ ಹೇಳದ್ದನ್ನು ಹೇಳುತ್ತದೆ. ‘ಇನ್ನೂ ಏನೂ ಸಾಬೀತಾಗಿಲ್ಲ’ ಎಂಬ ಭಾಷಣ ವರದಿ ಹೇಳಿದ್ದನ್ನು ಮುಚ್ಚುತ್ತದೆ. ಸಾವಿರಾರು ಕುಟುಂಬಗಳ ಬದುಕು ನಿಂತಿರುವ ಬೆಳೆಯ ವಿಷಯದಲ್ಲಿ ಎರಡನೆಯದಕ್ಕೆ ಚಪ್ಪಾಳೆ ಹೆಚ್ಚು. ಸಂಸ್ಥೆಯ ಮಾತು ಬದಲಾದದ್ದೇ ಅದರ ಮೇಲಿನ ಅನುಮಾನಕ್ಕೂ ಕಾರಣವಾಯಿತು: ಅಂದು ಹಾಗೆಂದವರು ಇಂದು ಹೀಗೆನ್ನುತ್ತಾರೆ. ಹೊಸ ಸಾಕ್ಷಿ ಬಂದಾಗ ತೀರ್ಪು ಬದಲಿಸಿದ ನ್ಯಾಯಾಧೀಶರನ್ನು ಯಾರೂ ಚಂಚಲರೆನ್ನುವುದಿಲ್ಲ. ವಿಜ್ಞಾನಿಗೆ ಆ ರಿಯಾಯಿತಿ ಸಿಗುವುದು ಅಪರೂಪ.

ಮಾತು ಬದಲಾಗುವುದರಲ್ಲೂ ಎರಡು ಬಗೆ. ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿ, ಭೂಮಿ ಕಾಯುತ್ತಿರುವುದಕ್ಕೆ ಮನುಷ್ಯನೇ ಮುಖ್ಯ ಕಾರಣ ಎಂಬ ಮಾತನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿತು. 2001ರಲ್ಲಿ ಆ ಮಾತಿಗೆ ಕಟ್ಟಿದ ಖಚಿತತೆ ಶೇ 66ಕ್ಕೂ ಮೇಲೆ, 2007ರಲ್ಲಿ ಶೇ 90ಕ್ಕೂ ಮೇಲೆ, 2013ರಲ್ಲಿ ಶೇ 95ಕ್ಕೂ ಮೇಲೆ. 2021ರಲ್ಲಿ ‘ಮನುಷ್ಯನಿಂದ ಭೂಮಿ ಬಿಸಿಯಾಗಿರುವುದು ನಿಸ್ಸಂಶಯ’ ಎಂದಿತು. ಹಿಮಾಲಯದ ಹಿಮನದಿಗಳು 2035ಕ್ಕೆ ಕರಗಿಹೋಗಬಹುದೆಂದು 2007ರ ವರದಿಯ ಒಳಪುಟದಲ್ಲಿ ನುಸುಳಿದ್ದ ತಪ್ಪನ್ನು 2010ರಲ್ಲಿ ಒಪ್ಪಿಕೊಂಡಿತು. ಆ ಒಂದು ವಾಕ್ಯಕ್ಕೆ ಭಾರಿ ಪ್ರಚಾರ ಸಿಕ್ಕಿತು. ಕೋವಿಡ್ ಕಾಲದಲ್ಲಿ ಆದದ್ದು ಈ ಮೆಟ್ಟಿಲೇರಿಕೆಗೆ ತಿರುಗುಮುರುಗು. 2020ರ ಮಾರ್ಚ್ 28ರಂದು ವಿಶ್ವ ಆರೋಗ್ಯ ಸಂಸ್ಥೆ ‘ಸತ್ಯಾಂಶ’ ಎಂಬ ತಲೆಬರಹ ಕೊಟ್ಟು, ಕೋವಿಡ್ ಗಾಳಿಯಲ್ಲಿ ಹರಡುವ ರೋಗವಲ್ಲ ಎಂದು ಟ್ವಿಟರ್‌ನಲ್ಲಿ ಸಾರಿತು. ಅಷ್ಟು ಖಡಾಖಂಡಿತವಾಗಿ ಹೇಳಲು ಆಗ ಆಧಾರವಿರಲಿಲ್ಲ. ಮುಂದೆ ಗಾಳಿಯ ಮೂಲಕ ಹರಡುವುದನ್ನು ಒಪ್ಪಿಕೊಂಡಾಗ ಜನರಿಗೆ ಅದು ತಿದ್ದುಪಡಿಯಾಗಿ ಕಾಣಲಿಲ್ಲ, ಮಾತು ತಿರುಗಿಸಿದಂತೆ ಕಂಡಿತು.

ಇಲ್ಲದ ಖಚಿತತೆಯನ್ನು ತೋರಿಸಿದ್ದು ಇಟಲಿಯ ಲಾಕ್ವಿಲಾದಲ್ಲಿ ಜೀವದ ಪ್ರಶ್ನೆಯಾಯಿತು. 2009ರ ಮೊದಲ ತಿಂಗಳುಗಳಲ್ಲಿ ಅಲ್ಲಿ ಸಣ್ಣಸಣ್ಣ ಕಂಪನಗಳು ಆಗುತ್ತಲೇ ಇದ್ದವು. ಮಾರ್ಚ್ 31ರಂದು ತಜ್ಞರ ಸಭೆ ಸೇರಿತು. ಭೂಕಂಪವನ್ನು ಮೊದಲೇ ಹೇಳಲಾಗದು, ಆಗುವುದಿಲ್ಲ ಎನ್ನಲೂ ಆಗದು ಎಂಬುದು ಆಗಿನ ವಿಜ್ಞಾನ, ಈಗಿನದೂ ಹೌದು. ಆದರೆ ನಾಗರಿಕ ರಕ್ಷಣಾ ವಿಭಾಗದ ಅಧಿಕಾರಿಯೊಬ್ಬರು ಟಿವಿಯಲ್ಲಿ ಅಪಾಯವಿಲ್ಲ, ಆರಾಮವಾಗಿ ಒಂದು ಲೋಟ ವೈನ್ ಕುಡಿಯಬಹುದು ಎಂಬ ಧಾಟಿಯಲ್ಲಿ ಮಾತಾಡಿದ್ದರು. ಕಂಪನವಾದಾಗ ಮನೆಬಿಟ್ಟು ಬಯಲಲ್ಲಿ ಮಲಗುವ ಹಳೆಯ ರೂಢಿಯನ್ನು ಕೆಲವರು ಆ ಭರವಸೆಯಿಂದ ಕೈಬಿಟ್ಟರು. ಏಪ್ರಿಲ್ 6ರ ನಸುಕಿನ ಭೂಕಂಪದಲ್ಲಿ 309 ಜನ ಸತ್ತರು. 2012ರಲ್ಲಿ ಆ ಅಧಿಕಾರಿಯೂ ಆರು ವಿಜ್ಞಾನಿಗಳೂ ಸೇರಿ ಏಳು ಮಂದಿಗೆ ತಲಾ ಆರು ವರ್ಷ ಶಿಕ್ಷೆಯಾದಾಗ, ಭೂಕಂಪ ಮುಂಗಾಣದ ವಿಜ್ಞಾನಿಗಳಿಗೆ ಜೈಲು ಎಂದು ಜಗತ್ತಿನ ಪತ್ರಿಕೆಗಳು ಬರೆದವು. ಆರೋಪ ಅದಾಗಿರಲಿಲ್ಲ, ಜನರಿಗೆ ಸುಳ್ಳು ಸಮಾಧಾನ ಹೇಳಿದ್ದು ಆರೋಪವಾಗಿತ್ತು. 2014ರಲ್ಲಿ ಮೇಲ್ಮನವಿ ನ್ಯಾಯಾಲಯ ಆರು ವಿಜ್ಞಾನಿಗಳನ್ನು ಬಿಡುಗಡೆ ಮಾಡಿ, ಆ ಅಧಿಕಾರಿಯ ಶಿಕ್ಷೆಯನ್ನು ಎರಡು ವರ್ಷಕ್ಕೆ ಇಳಿಸಿತು.

ಅನಿಶ್ಚಯವನ್ನು ಹಾಗೇ ಬಿಡಿಸಿ ತೋರಿಸಿ ಕೆಲಸ ಸಾಧಿಸಿದ್ದು ಬಂಗಾಳ ಕೊಲ್ಲಿಯಲ್ಲಿ. 1999ರ ಒಡಿಶಾ ಚಂಡಮಾರುತದಲ್ಲಿ ಸುಮಾರು 10 ಸಾವಿರ ಜನ ಸತ್ತಿದ್ದರು. 2013ರ ಅಕ್ಟೋಬರಿನಲ್ಲಿ ಫೈಲಿನ್ ಬಂದಾಗ ಸುಮಾರು 10 ಲಕ್ಷ ಜನರನ್ನು ಮೊದಲೇ ತೆರವು ಮಾಡಲಾಗಿತ್ತು. ಸಾವು ಕೆಲವು ಹತ್ತುಗಳಲ್ಲಿ ನಿಂತಿತು. ಆ ದಿನಗಳಲ್ಲಿ ಟಿವಿಯಲ್ಲಿ ಕಂಡ ನಕ್ಷೆಯಲ್ಲಿ ಚಂಡಮಾರುತದ ಮುಂದಿನ ದಾರಿ ಬೀಸಣಿಗೆಯಂತೆ ಅಗಲವಾಗುತ್ತ ಹೋಗುತ್ತಿತ್ತು. ಆ ಬೀಸಣಿಗೆಯನ್ನು ಚಂಡಮಾರುತದ ಗಾತ್ರವೆಂದು ತಿಳಿಯುವವರು ಈಗಲೂ ಇದ್ದಾರೆ. ಅದರಾಚೆಗಿನ ಊರಿಗೆ ಅಪಾಯವೇ ಇಲ್ಲ ಎಂದುಕೊಳ್ಳುವವರೂ ಇದ್ದಾರೆ. ಅದು ಚಂಡಮಾರುತದ ಕೇಂದ್ರ ಎಲ್ಲೆಲ್ಲಿ ಹಾಯಬಹುದು ಎಂಬುದರ ಹರವು ಮಾತ್ರ. ಗಾಳಿ ಮಳೆಗಳು ಗೆರೆಯಾಚೆಗೂ ಚಾಚುತ್ತವೆ. ಆ ಅಗಲವನ್ನು ಅಂದಾಜಿನಿಂದ ಬರೆಯುವುದಿಲ್ಲ. ಹಿಂದಿನ ಕೆಲವು ವರ್ಷಗಳಲ್ಲಿ ಹವಾಮಾನ ಇಲಾಖೆ ಹೇಳಿದ ಜಾಗಕ್ಕೂ ಚಂಡಮಾರುತ ನಿಜಕ್ಕೂ ಹೋದ ಜಾಗಕ್ಕೂ ಎಷ್ಟು ಕಿಲೋಮೀಟರ್ ಅಂತರವಿತ್ತು ಎಂದು ಅಳೆದು, ಆ ತಪ್ಪುಗಳ ಸರಾಸರಿಯಿಂದ ಗೆರೆ ಎಳೆಯುತ್ತಾರೆ. 24 ಗಂಟೆ ಮುಂಚಿನ ಮುನ್ಸೂಚನೆಯಲ್ಲಿ ಆ ಸರಾಸರಿ ಈಗ 100 ಕಿ.ಮೀ.ಗಿಂತ ಕೆಳಗಿಳಿದಿದೆ. ನಕ್ಷೆಯ ಬೀಸಣಿಗೆಯೂ ಅದಕ್ಕೆ ತಕ್ಕಂತೆ ಕಿರಿದಾಗಿದೆ.